ಕುಂಕುಮ ಕೂತ ಲೆನ್ಸು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಅವ್ವ ಇದನ್ನು ಅಪ್ಪನ ಮನೆಯ ಕಡೆಯ ಗುಣ ಎನ್ನುತ್ತಾಳೆ. ಅಪ್ಪ ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕಂಡಿಲ್ಲ, ಹಾಗಾಗಿ ಇದು ಅವಳ ಕಡೆಯದೇ ಇರಬೇಕು. ಕ್ಯಾಮೆರಾದ ಲೆನ್ಸು ಕೊಳ್ಳುವಾಗ ಹೊಸದೋ ಹಳೆಯದೋ ಎಂದು ಎಲ್ಲರೂ ತೂಗಿ ನೋಡುವುದು ದುಡ್ಡಿನಲ್ಲಿ. ನಾನು ತೂಗಿದ್ದು ಸಿಟ್ಟಿನಲ್ಲಿ. ಆ ಸಿಟ್ಟಿಗೆ ಕಾರಣವಿತ್ತು.

ಪಾಂಡವಪುರದ ಐದು ದೀಪದ ಸರ್ಕಲ್ಲಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅಪ್ಪ ಸ್ಟುಡಿಯೋ ಇಟ್ಟಿದ್ದ. ಈಗ ಅದು ನನ್ನದು. ನಾನು ಮದುವೆಗಳಿಗೆ ಕ್ಯಾಮೆರಾ ಹಿಡಿದು ಹೋಗಲು ಶುರುಮಾಡಿದಾಗ ನಮ್ಮ ಕಡೆ ಅದೊಂದು ತಮಾಷೆ. ಫೋಟೋದವರು ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಈಗ ಹೆಣ್ಣಿಗೆ ಸೀರೆ ಉಡಿಸುವ ಕೋಣೆಯೊಳಗೆ ಬರಲು ನಾನೇ ಬೇಕು ಎನ್ನುವ ಮನೆಗಳಿವೆ. ಕೆಲಸ ಕಲಿಸಿದ್ದು ಅಪ್ಪ. ಅವನಿಗೆ ಮದುವೆಯೆಂದರೆ ಧಾರೆ.

"ತಾಳಿ ಕಟ್ಟೋದ ಯಾರ್ ಬೇಕಾದ್ರೂ ತಗೀತಾರೆ ಕಣವ್ವ. ಆಲು ಉಯ್ಯೋವಾಗ ಎಣ್ಣಿನಪ್ಪನ ಕೈ ನೋಡು," ಎನ್ನುತ್ತಿದ್ದ. ಮದುಮಕ್ಕಳ ಸೇರಿದ ಕೈಗಳ ಮೇಲೆ ಹಾಲು ಬೀಳುವ ಹೊತ್ತಿಗೆ ಆ ಕೈ ಒಂದು ಸಲ ನಡುಗುತ್ತದೆ, ಹಾಲು ಅಳ್ಳಾಡುತ್ತದೆ, ಅದು ಸಿಕ್ಕರೆ ಆಲ್ಬಂ ಆದಂತೆಯೇ ಎಂಬುದು ಅವನ ನಂಬಿಕೆ. ನಾಲ್ಕು ತಾಲ್ಲೂಕಿನ ಅಪ್ಪಂದಿರ ಕೈಗಳನ್ನು ಅವನು ತೆಗೆದಿದ್ದ.

ಅವನ ಕೈಯನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ನಾನು ಕ್ಯಾಮೆರಾ ಎತ್ತಿದರೆ ಅಪ್ಪ ಕೂತಲ್ಲಿಂದ ಎದ್ದು ಲೈಟು ಸರಿಮಾಡಲು ಬಂದುಬಿಡುತ್ತಿದ್ದ.

ನಮ್ಮ ಕಡೆಯ ಮದುವೆಗೆ ಇಬ್ಬರು ಫೋಟೋದವರು ಬರುತ್ತಾರೆ. ಹೆಣ್ಣಿನ ಕಡೆಯಿಂದೊಬ್ಬರು, ಗಂಡಿನ ಕಡೆಯಿಂದೊಬ್ಬರು. ಮಂಟಪದ ಎದುರು ನಟ್ಟನಡುವಿನ ಜಾಗ ಗಂಡಿನ ಕಡೆಯವರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಆದರೆ ಧಾರೆಯ ಹೊತ್ತಿಗೆ ಗಂಡಿನ ಕಡೆಯ ಫೋಟೋದವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹೆಣ್ಣಿನ ಕಡೆಯವರಿಗೆ ಜಾಗ ಬಿಡಬೇಕು. ಹಾಲು ಎರೆಯುವವರು ಹೆಣ್ಣಿನ ಅಪ್ಪ ಅಮ್ಮ. ಆ ಫೋಟೋ ಅವರದು. ಅಪ್ಪ ಎಂಥ ಗದ್ದಲದಲ್ಲೂ ಹಾಗೆ ಸರಿದು ನಿಲ್ಲುತ್ತಿದ್ದ, ತನ್ನ ಹತ್ತಿರ ಕೆಲಸ ಕಲಿತವರಿಗೂ ಅದನ್ನೇ ಹೇಳಿಕೊಟ್ಟಿದ್ದ.

ಹಾಗೆ ಕಲಿತವರಲ್ಲಿ ಅವನೊಬ್ಬ. ಕೆ.ಆರ್. ಪೇಟೆಯವನು. ಅಪ್ಪನ ಡಾರ್ಕ್‌ರೂಮಿನಲ್ಲಿ ಪ್ರಿಂಟು ತೊಳೆದು, ನಮ್ಮ ಮನೆಯಲ್ಲಿ ಉಂಡು, ಆಮೇಲೆ ತನ್ನ ಊರಲ್ಲಿ ಅಂಗಡಿ ತೆರೆದು ದೊಡ್ಡವನಾದ. ಎದುರಿಗೆ ಸಿಕ್ಕರೆ ನಾನು ಈಗಲೂ ಅಣ್ಣ ಎನ್ನುತ್ತೇನೆ, ನೀವು ಎನ್ನುತ್ತೇನೆ. ಬರೆಯುವಾಗ ಆ ಹಂಗು ಬೇಡ.

ನನ್ನ ತಂಗಿಯನ್ನು ಬಿಂಡಿಗನವಿಲೆಗೆ ಕೊಟ್ಟೆವು. ಮದುವೆ ನಾಗಮಂಗಲದ ಛತ್ರದಲ್ಲಿ. ಹೆಣ್ಣಿನ ಕಡೆಯ ಕ್ಯಾಮೆರಾ ನಾನು, ಗಂಡಿನ ಕಡೆಯವರು ಕರೆಸಿದ್ದು ಅವನನ್ನು. ಬಂದವನೇ ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕೊರಳಲ್ಲಿ ದೂರದ ಮುಖವನ್ನು ಹತ್ತಿರ ಎಳೆದು ತರುವ ಉದ್ದನೆಯ ಬಿಳಿ ಲೆನ್ಸು. ಆಗ ನಮ್ಮ ಸುತ್ತಮುತ್ತ ಅಂಥದ್ದು ಇದ್ದದ್ದು ಅವನೊಬ್ಬನ ಹತ್ತಿರವೇ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿ, ಒಳ್ಳೇದು ಮಾಡಿದೆ ಎಂದು ಬೆನ್ನು ತಟ್ಟಿದ. ಲೆನ್ಸಿನ ಮೈಮೇಲೆಲ್ಲ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಅಪ್ಪ ಪೂಜೆಯ ದಿನ ಕ್ಯಾಮೆರಾಗಳಿಗೆ ಬಟ್ಟೆ ಸುತ್ತಿ, ಬಟ್ಟೆಯ ಮೇಲೆ ಒಂದು ಬೊಟ್ಟು ಇಡುತ್ತಿದ್ದ. ಇವನು ಟ್ರಾಕ್ಟರಿಗೆ ಹಾಕುವಂತೆ ಅರಿಶಿನ ಕುಂಕುಮ ಮೆತ್ತಿದ್ದ.

ಗಟ್ಟಿಮೇಳ ಆಯಿತು, ತಾಳಿ ಆಯಿತು. ಧಾರೆಗೆ ಅಪ್ಪ ಅವ್ವ ಎದ್ದು ನಿಂತರು. ಅವನು ನಡುಮಧ್ಯೆ ಸ್ಟೂಲು ಹಾಕಿಕೊಂಡು ಅದರ ಮೇಲೆ ನಿಂತಿದ್ದ. ಸರಿಯಬೇಕಿತ್ತು, ಸರಿಯಲಿಲ್ಲ. ನನ್ನ ಹತ್ತಿರ ಇದ್ದದ್ದು ಸಮೀಪಕ್ಕೆ ಹೋಗಿ ತೆಗೆಯುವ ಗಿಡ್ಡ ಲೆನ್ಸು. ಮಂಟಪದ ಪಕ್ಕಕ್ಕೆ ನುಗ್ಗಲು ನೋಡಿದೆ, ಅಕ್ಷತೆ ಹಿಡಿದ ನೆಂಟರು ಗೋಡೆ ಕಟ್ಟಿದಂತೆ ನಿಂತಿದ್ದರು. ಕೆಳಗಿಳಿದು ಬಂದು, "ಅಣ್ಣ, ಒಸಿ ಜರುಗಿ," ಎಂದೆ. ಕೇಳಿಸಿತು, ತಿರುಗಲಿಲ್ಲ. ಲೆನ್ಸಿನ ಹೊಟ್ಟೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದ, ಎಡಮೊಣಕೈಯನ್ನು ಅಗಲಕ್ಕೆ ಎತ್ತಿದ. ನನಗೆ ಕಾಣುತ್ತಿದ್ದ ಚೂರು ಜಾಗವನ್ನೂ ಆ ಮೊಣಕೈ ಮುಚ್ಚಿಬಿಟ್ಟಿತು. ಬೇಕೆಂದೇ ಮಾಡಿದ ಎಂದುಕೊಂಡೆ. ಕೈ ಸುಮ್ಮನಿರದೆ ಒಂದು ಫೋಟೋ ಒತ್ತಿದೆ. ಅದರಲ್ಲಿ ಬಂದದ್ದು ಬೆವರು ಹತ್ತಿದ ಅವನ ಬೆನ್ನು, ಎತ್ತಿದ ಮೊಣಕೈ. ವಿಡಿಯೋದವರಿಗೂ ಅದೇ ಬೆನ್ನು.

ಆ ವರ್ಷ ತುಂಬುವ ಮೊದಲೇ ಅಪ್ಪ ಹೋದ. ಎದೆ ನೋವು ಎಂದು ಕೂತವನು ಏಳಲಿಲ್ಲ. ಜೀವನವೆಲ್ಲ ಸ್ಟುಡಿಯೋ ಇಟ್ಟವನ ತಿಥಿಗೆ ನಾವು ವೋಟರ್ ಐಡಿಯ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಿದೆವು.

ಆಮೇಲೆ ತಂಗಿಗೆ ಒಂದೇ ಹಟ ಹಿಡಿಯಿತು. ಅಪ್ಪ ಹಾಲೆರೆಯುವ ಫೋಟೋ ಬೇಕು. ಗಂಡನ ಮನೆಯ ಆಲ್ಬಮ್ಮಿನಲ್ಲಿ ಧಾರೆಯ ಹಾಳೆಯೇನೋ ಇತ್ತು, ಆದರೆ ಅದು ಅವಳ ಮಾವನ ಕಡೆಯ ನೆಂಟರು ಎರೆಯುವಾಗಿನದು. ಅವನು ಒತ್ತಿದ್ದು ಸಾವಿರವಾದರೆ ಆಲ್ಬಮ್ಮಿಗೆ ಹೋಗುವುದು ನೂರು, ಮಿಕ್ಕದ್ದೆಲ್ಲ ಅವನ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ ಎಂದು ನಾನೇ ಅವಳಿಗೆ ಹೇಳಿದ್ದೆ. ಇಬ್ಬರೂ ಕೆ.ಆರ್. ಪೇಟೆಗೆ ಹೋದೆವು. ಬೆಂಚಿನ ಮೇಲೆ ಬಹಳ ಹೊತ್ತು ಕೂರಿಸಿದ. ನಮ್ಮ ಹಿಂದೆ ಬಂದವರ ಕೆಲಸವೆಲ್ಲ ಮುಗಿದ ಮೇಲೆ, ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದ:

"ಅದು ಗಂಡಿನ ಕಡೆ ಆಲ್ಬಮ್ಮು ಕಣವ್ವ. ನಿಮ್ ಕಡೆ ಫೋಟೋದವ್ರನ್ನ ಕೇಳ್ಕಳಿ."

ನಮ್ಮ ಕಡೆಯ ಫೋಟೋದವಳು ಅವನ ಎದುರಿಗೇ ಕೂತಿದ್ದಳು. ಅಂಗಡಿಯಲ್ಲಿದ್ದ ಒಂದಿಬ್ಬರು ನಕ್ಕರು. ತಂಗಿ, "ಅಣ್ಣ, ಒಂದೇ ಒಂದು," ಎಂದಳು. ಬಸುರಿ ಹೆಂಗಸು, ಕೈಮುಗಿದು ಕೇಳಿದಳು. ಅವನು ಎದ್ದು ಒಳಗೆ ಹೋದ. ಬಸ್ಸಿನಲ್ಲಿ ಅವಳು ಅತ್ತಳು, ನಾನು ಅಳಲಿಲ್ಲ. ನಿನ್ನನ್ನು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿಕೊಂಡೆ. ಆವತ್ತಿನಿಂದ ಅವನ ಹೆಸರು ಕೇಳಿದರೆ ನನಗೆ ಊಟ ಸೇರುತ್ತಿರಲಿಲ್ಲ. ಕೆ.ಆರ್. ಪೇಟೆಯ ಕಡೆ ಹೋಗುವ ಬಸ್ಸಿನ ಬೋರ್ಡು ಕಂಡರೂ ಮೈ ಉರಿಯುತ್ತಿತ್ತು.

ವರ್ಷಗಳು ಕಳೆದವು. ಕಳೆದ ಮದುವೆ ಕಾಲಕ್ಕೆ ಮುಂಚೆ ಬೆಳಗೊಳದಿಂದ ಒಂದು ಮನೆಯವರು ಬಂದರು. ಅವರ ಮಗಳ ಮದುವೆಯ ಆಲ್ಬಂ ನಾನು ಮಾಡಿದ್ದೆ, ಈಗ ಮಗನ ಮದುವೆ. ಶ್ರೀರಂಗಪಟ್ಟಣದ ಕಲ್ಯಾಣಮಂಟಪ, ಹೆಣ್ಣು ಕೆ.ಆರ್. ಪೇಟೆಯದು. "ಎಣ್ಣಿನಪ್ಪಾರೂ ನಿಮ್ ಕೆಲ್ಸದವ್ರೇಯ," ಎಂದು ಗಂಡಿನ ತಾಯಿ ಅವನ ಹೆಸರು ಹೇಳಿದರು. ನಾನು ಮುಂಗಡವನ್ನೂ ಕೇಳಲಿಲ್ಲ. ಬೇರೆಯವರನ್ನು ಕಳಿಸುವುದಿಲ್ಲ, ನಾನೇ ಬರುತ್ತೇನೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ನನಗೆ ಅದಕ್ಕಿಂತ ಹೆಚ್ಚಾಯಿತು.

ಮಾಡಬೇಕಾದದ್ದು ಕಣ್ಣಿಗೆ ಕಟ್ಟಿತ್ತು. ಈ ಸಲ ಗಂಡಿನ ಕಡೆಯವಳು ನಾನು, ನಡುವಿನ ಜಾಗ ನನ್ನದು. ಸ್ಟೂಲು ಹಾಕಿಕೊಂಡು ನಿಲ್ಲುತ್ತೇನೆ. ಧಾರೆಯ ಹೊತ್ತಿಗೆ ಒಂದಂಗುಲವೂ ಸರಿಯುವುದಿಲ್ಲ. ಅವನ ಅಂಗಡಿಯವರಿಗೆ ನನ್ನ ಬೆನ್ನು ಸಿಗಲಿ. ಅವನ ಕೈಯನ್ನು ಮಾತ್ರ ನಾನು ತೆಗೆಯಬೇಕು, ಉಗುರಿನ ಸಂದಿಯೂ ಕಾಣುವಂತೆ, ಅವನು ಹುಟ್ಟಿದಾಗಿನಿಂದ ತೆಗೆದಿರದಷ್ಟು ಚೆನ್ನಾಗಿ. ಆಮೇಲೆ ಅವನು ನನ್ನ ಬಾಗಿಲಿಗೆ ಬಂದು ಕೇಳಬೇಕು. ಬೆಂಚಿನ ಮೇಲೆ ಕೂರಿಸಬೇಕು. ಹೇಳಬೇಕಾದ ಮಾತನ್ನು ಅವನೇ ನನಗೆ ಕಲಿಸಿಕೊಟ್ಟಿದ್ದ.

ಇದಕ್ಕೆಲ್ಲ ಒಂದು ಉದ್ದನೆಯ ಲೆನ್ಸು ಬೇಕಿತ್ತು.

ಹೊಸದು ಕೊಂಡರೆ ಬಿಲ್ಲು, ಪೆಟ್ಟಿಗೆ, ವಾರಂಟಿ ಕಾರ್ಡು. ಕೆಟ್ಟರೆ ಕೇಳುವುದಕ್ಕೆ ಒಂದು ಜಾಗ. ಆದರೆ ನನ್ನ ಕ್ಯಾಮೆರಾ ಹಳೆಯ ಕಾಲದ್ದು, ಅದಕ್ಕೆ ಕೂರುವ ಲೆನ್ಸನ್ನು ಇವತ್ತು ಹೊಸದಾಗಿ ಕೊಳ್ಳುವುದು, ಮಾರಬೇಕೆಂದಿರುವ ಹಸುವಿಗೆ ಕೊಟ್ಟಿಗೆ ಕಟ್ಟಿಸಿದಂತೆ. ಹಳೆಯದಾದರೆ ಅರ್ಧ ಬೆಲೆಗೂ ಕಡಿಮೆ. ಆದರೆ ಒಳಗೆ ಬೂಸ್ಟು ಹಿಡಿದಿದೆಯೋ, ಎಲ್ಲಾದರೂ ಬಿದ್ದಿದೆಯೋ, ಎಷ್ಟು ಮದುವೆಮನೆಗಳ ಹೊಗೆ ಕುಡಿದಿದೆಯೋ ಮಾರುವವರು ಹೇಳುವುದಿಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಜಾಸ್ತಿ ಯೂಸ್ ಮಾಡಿಲ್ಲ.

ಅವ್ವನಿಗೆ ಮೊದಲಿನಿಂದಲೂ ಎರಡನೇ ಕೈಯ ಸಾಮಾನು ಆಗದು. "ಯಾರ ಮನೇಲಿ ಏನ್ ಕಂಡಿದ್ದದೋ. ಬ್ಯಾಡ ಕಣವ್ವ, ಹೊಸಾದ್ನೇ ತಕ್ಕೊ," ಎಂದಳು. ಸೀರೆಯ ಮಾತಾಡುತ್ತಿದ್ದಾಳೋ ಲೆನ್ಸಿನದೋ ಎನ್ನುವಂತಿತ್ತು. ನಾನೂ ಹೊಸದರ ಕಡೆಗೇ ವಾಲಿದ್ದೆ. ಸೇಡಿನ ಕೆಲಸ, ಅದಕ್ಕೆ ಹಳೆಯ ಸಾಮಾನು ಯಾಕೆ ಎನಿಸಿತ್ತು. ಮೈಸೂರಿನ ಅಂಗಡಿಗೆ ಫೋನು ಮಾಡಿ ತರಿಸಿಡಿ ಎಂದೂ ಹೇಳಿದ್ದೆ.

ಅಷ್ಟರಲ್ಲಿ ನಮ್ಮ ಜಿಲ್ಲೆಯ ಫೋಟೋದವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಬಿಳಿ ಲೆನ್ಸು, ಮಾರಾಟಕ್ಕಿದೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ಕ್ಯಾಮೆರಾ ರಿಪೇರಿ ಮಾಡುವ ಭಾಯ್ ಹಾಕಿದ್ದರು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ತಿರುಗಿಸುವ ರಬ್ಬರಿನ ಪಟ್ಟಿಯ ಗೆರೆಗಳಲ್ಲಿ ಕೆಂಪು. ಲೆನ್ಸಿನ ಬಾಯಿಗೆ ಹಾಕುವ ಹುಡ್ಡಿನ ಅಂಚಿನಲ್ಲಿ ಕೆಂಪು. ನಾಗಮಂಗಲದ ಛತ್ರದಲ್ಲಿ ಅಷ್ಟು ಹೊತ್ತು ಅವನ ಹಿಂದೆ ನಿಂತು ನೋಡಿದ್ದೇನೆ, ಮರೆಯುವುದುಂಟೇ. ಆದರೂ ಫೋನು ಮಾಡಿ ಕೇಳಿದೆ. ಕೆ.ಆರ್. ಪೇಟೆಯವರದೇ, ಅವರು ಹೊಸ ಮಾದರಿಯ ಕ್ಯಾಮೆರಾಗಳಿಗೆ ಹೋಗಿದ್ದಾರೆ, ಹಳೆಯದನ್ನೆಲ್ಲ ತೆಗೆಯುತ್ತಿದ್ದಾರೆ ಎಂದರು ಭಾಯ್.

ಆ ಕ್ಷಣಕ್ಕೆ ಹೊಸದು ನನ್ನ ತಲೆಯಿಂದ ಹೋಯಿತು. ಅವನ ಕೈಯನ್ನು ಅವನ ಲೆನ್ಸಿನಲ್ಲೇ ತೆಗೆಯುವುದು! ನಮ್ಮಪ್ಪನ ಕೈಯನ್ನು ನುಂಗಿಕೊಂಡು ಕೂತ ಗಾಜಿನಲ್ಲೇ! ಇಷ್ಟು ಚೆಂದದ ಸೇಡನ್ನು ನಾನೇ ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಮೈಸೂರಿನ ಅಂಗಡಿಗೆ ಬೇಡವೆಂದು ಹೇಳಿ, ಮಾರನೆಯ ಬೆಳಿಗ್ಗೆಯೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ.

ಭಾಯ್ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ಕೊಟ್ಟರು. ಅಂಗಡಿಯ ಹೊರಗೆ ನಿಂತು ಕೋಟೆಯ ಗೋಡೆಯ ಮೇಲಿನ ಗಿಡ, ಕಡಲೆಕಾಯಿ ಮಾರುವವಳ ಮೂಗುತಿ, ದೂರದ ಗೋಪುರದ ಮೇಲೆ ಕೂತ ಪಾರಿವಾಳ, ಎಲ್ಲವನ್ನೂ ತೆಗೆದೆ. ಎಲ್ಲವೂ ಚೊಕ್ಕ. ಪಟ್ಟಿಯನ್ನು ತಿರುಗಿಸುವಾಗ ಮಾತ್ರ ಒಳಗೆಲ್ಲೋ ರವೆ ಸಿಕ್ಕಿಕೊಂಡಂತೆ ಕರಕರ ಎನ್ನುತ್ತಿತ್ತು.

"ಒಳಗೆ ಕುಂಕುಮ ಐತೆ ಬೇಟಿ. ದೋ ದಿನ್ ಬಿಡು, ಬಿಚ್ಚಿ ಸಾಫ್ ಮಾಡ್ಕೊಡ್ತೀನಿ," ಎಂದರು ಭಾಯ್.

"ಬ್ಯಾಡಿ ಭಾಯ್, ಇಂಗೇ ಇರ್ಲಿ," ಎಂದೆ.

"ಸಿಕ್ಕಾಕ್ಕೊಂಡ್ರೆ ನನ್ಗೆ ಕೇಳ್ಬೇಡ ಮತ್ತೆ."

ಅವರಿಗೆ ಹೇಗೆ ಹೇಳಲಿ? ಆ ಕುಂಕುಮ ಅವನ ಗುರುತು. ಅದನ್ನು ಒರೆಸಿದರೆ ಲೆನ್ಸು ಯಾರದಾದರೂ ಆಗಿಬಿಡುತ್ತಿತ್ತು. ನನಗೆ ಅವನದೇ ಬೇಕಿತ್ತು, ಮೈಲಿಗೆಯ ಸಮೇತ. ಮನೆಗೆ ತಂದಾಗ ಅವ್ವ ಅದನ್ನು ದೇವರ ಮುಂದೆ ಇಡಲು ಹೋದಳು. ತಡೆದೆ. ಅದಕ್ಕೆ ಆಗಬೇಕಾದ ಪೂಜೆ ಸಾಕಷ್ಟು ಆಗಿದೆ ಎಂದೆ.

ಮದುವೆಯ ದಿನ ಬೆಳಿಗ್ಗೆ ಅವನು ಮಂಟಪದ ಬಾಗಿಲಲ್ಲಿ ರೇಷ್ಮೆ ಪಂಚೆ ಉಟ್ಟು ಬೀಗರನ್ನು ಎದುರುಗೊಳ್ಳುತ್ತಿದ್ದ. ನನ್ನನ್ನು ನೋಡಿ ಒಂದು ಗಳಿಗೆ ಮುಖ ಬಿಳಿಚಿತು. "ಓ, ನೀನೇನವ್ವ ಗಂಡಿನ್ ಕಡೆಗೆ," ಎಂದ. "ಊಂ ಅಣ್ಣ," ಎಂದೆ. ಲೆನ್ಸು ಚೀಲದಲ್ಲಿತ್ತು. ತಾಳಿ ಕಟ್ಟುವ ತನಕ ಅದನ್ನು ಹೊರಗೆ ತೆಗೆಯಲಿಲ್ಲ.

ಧಾರೆಗೆ ಅವನು ಹೆಂಡತಿಯ ಜೊತೆ ಎದ್ದು ನಿಂತಾಗ ನಾನು ನಡುವಿನ ಜಾಗಕ್ಕೆ ಸ್ಟೂಲು ಎಳೆದು ಹತ್ತಿದೆ. ಹಿಂದಿನಿಂದ ಅವನ ಅಂಗಡಿಯವನೊಬ್ಬ, "ಅಕ್ಕ, ಒಸಿ ಸೈಡಿಗ್ ಬನ್ನಿ, ಧಾರೆ," ಎಂದ. ಕೇಳಿಸಿತು. ತಿರುಗಲಿಲ್ಲ. ಅಪ್ಪ ಇದ್ದಿದ್ದರೆ ನನ್ನನ್ನು ಸ್ಟೂಲಿನಿಂದ ಎಳೆದು ಇಳಿಸುತ್ತಿದ್ದ, ಗೊತ್ತು. ಅಪ್ಪ ಇರಲಿಲ್ಲ. ಅದೇ ತಾನೇ ವಿಷಯ.

ಲೆನ್ಸಿನೊಳಗೆ ಅವನ ಕೈ ತುಂಬಿಕೊಂಡಿತು. ಬೆರಳಿನ ಉಂಗುರ, ಮಣಿಕಟ್ಟಿನ ಕಂಕಣ, ಬೆಳ್ಳಿ ಚೆಂಬಿನ ಬಾಯಿ. ಗುಂಡಿ ಅರ್ಧ ಒತ್ತಿದೆ. ಲೆನ್ಸು ಗುಂಯ್ ಎಂದು ಒಮ್ಮೆ ಅಳ್ಳಾಡಿ ನಿಂತಿತು. ಎಲ್ಲ ಮಬ್ಬು. ಮತ್ತೆ ಒತ್ತಿದೆ. ಮತ್ತೆ ಮಬ್ಬು. ಬೆವರು ಕಿತ್ತುಕೊಂಡಿತು. ಪುರೋಹಿತರು ಮಂತ್ರ ಮುಗಿಸುತ್ತಿದ್ದರು, ಚೆಂಬು ಬಾಗುತ್ತಿತ್ತು. ನಾನು ಲೆನ್ಸಿನ ಹೊಟ್ಟೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದೆ.

ಅವನು ತಲೆ ಎತ್ತಿ ನೋಡಿದ. ನನ್ನನ್ನಲ್ಲ, ಲೆನ್ಸನ್ನು. ಬಾಗಿಸಿದ ಚೆಂಬನ್ನು ನೆಟ್ಟಗೆ ಹಿಡಿದು, ಇಡೀ ಮಂಟಪಕ್ಕೆ ಕೇಳುವಂತೆ ಕೂಗಿದ:

"ಅದು ಸಿಗಾಕ್ಕಂಡದೆ ಕಣವ್ವ! ಆಟೋ ತಗ್ದು ರಿಂಗ್ನ ಎಡಕ್ಕೆ ಕೊನೆಗಂಟ ತಿರುವು. ಮೊಣ್ಕೈ ಎತ್ತಿ ಜೋರಾಗ್ ತಿರುವು!"

"ಯಜಮಾನ್ರೇ, ಹಾಲು ಬಿಡಿ, ಮುಹೂರ್ತ ಮೀರುತ್ತೆ," ಎಂದರು ಪುರೋಹಿತರು.

"ಇರಿ ಸ್ವಾಮಿ, ಅವಳ್ದು ಆಗ್ಲಿ."

ಮೊಣಕೈ ಅಗಲಕ್ಕೆ ಎತ್ತಿ ಜೋರಾಗಿ ತಿರುವಿದೆ. ಕರಕ್ ಎಂದು ಬಿಟ್ಟುಕೊಂಡಿತು. ಅವನು ಹಾಲು ಎರೆದ. ಕೈ ನಡುಗಿತು, ಅಪ್ಪ ಹೇಳುತ್ತಿದ್ದ ಹಾಗೇ ಹಾಲು ಅಳ್ಳಾಡಿತು, ನಾನು ಒತ್ತಿದೆ. ಇಷ್ಟು ವರ್ಷದಲ್ಲಿ ನಾನು ತೆಗೆದ ಧಾರೆಗಳಲ್ಲೆಲ್ಲ ಅದೇ ಚೆಂದದ್ದು. ಆದರೆ ನನ್ನ ಮೊಣಕೈ ಇನ್ನೂ ಮೇಲೇ ಇತ್ತು. ಆ ಮೊಣಕೈಯನ್ನು ನಾನು ಎಲ್ಲಿ ನೋಡಿದ್ದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಂಗಿಯ ಆಲ್ಬಮ್ಮಿನಲ್ಲಿ, ಧಾರೆಯ ಹಾಳೆಯಲ್ಲಿ, ನಾನೇ ತೆಗೆದು ನಾನೇ ಅಂಟಿಸಿದ ಫೋಟೋ ಅದು.

ಬೆಳಗೊಳದಲ್ಲಿ ಬೀಗರೂಟದ ದಿನ ಅವನು ಮೊದಲ ಪಂಕ್ತಿಯಲ್ಲಿ ಕೂತಿದ್ದ. ಬೀಗರೆಂದು ಅವನ ಎಲೆಗೆ ಆರಿಸಿ ಆರಿಸಿ ಬಾಡಿನ ತುಂಡು ಬಡಿಸುತ್ತಿದ್ದರು. ಅವನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಕೈ ತೊಳೆದು ನೇರ ನನ್ನ ಹತ್ತಿರ ಬಂದ.

"ಧಾರೇದು ಒಂದ್ ಕಾಪಿ ಕೊಡವ್ವ. ನಮ್ ಉಡುಗ್ರಿಗೆ ಬರೀ ನಿನ್ ಬೆನ್ನೇ ಬಂದದೆ."

ಎಷ್ಟು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು. ಹೇಳಿದೆ. "ಅದು ಗಂಡಿನ ಕಡೆ ಆಲ್ಬಮ್ಮು ಕಣಣ್ಣ. ನಿಮ್ ಕಡೆ ಫೋಟೋದವ್ರನ್ನ ಕೇಳ್ಕಳಿ."

ಅವನಿಗೆ ನೆನಪಿತ್ತು. ಮುಖ ಕೆಳಗೆ ಹಾಕಿದ. ಆಗ ನನಗೆ ಸಿಹಿಯಾಗಬೇಕಿತ್ತು, ಆಗಲಿಲ್ಲ, ಯಾಕೆಂದರೆ ಕೇಳಲೇಬೇಕಾದದ್ದು ಇನ್ನೊಂದಿತ್ತು.

"ಆ ಲೆನ್ಸು ಯಾವಾಗ್ಲಿಂದ ಸಿಗಾಕ್ಕತಾ ಅದೆ ಅಣ್ಣ?"

ಅವನು ಟವಲಿನಿಂದ ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ನಿನ್ ತಂಗಿ ಮದ್ವೆ ದಿನ್ವೇ ಮೊದ್ಲು," ಎಂದ. "ಪೂಜೆ ಆಗಿ ತಿಂಗ್ಳಾಗಿತ್ತು. ಆಗ ಏನ್ ಮಾಡ್ಬೇಕು ಅಂತ ನಂಗೇ ತಿಳೀನಿಲ್ಲ. ತಟ್ದೆ, ತಿರುವ್ದೆ, ಅಷ್ಟ್ರಲ್ಲಿ ಗುರುಗಳು ಆಲು ಉಯ್ದು ಚೆಂಬು ಕೆಳೀಕ್ ಮಡಗ್ಬುಟ್ರು. ಒಂದೂ ನೆಟ್ಟಗ್ ಬರ್ನಿಲ್ಲ ಕಣವ್ವ. ಎಲ್ಲಾ ಮಬ್ಬು. ಗುರುಗಳ ಕೈನೇ ತಗೀನಿಲ್ಲ ಅಂತ ನಿಮ್ಮಿಬ್ರ ಮುಂದೆ ಎಂಗೇಳ್ಳಿ?"

"ಮಬ್ಬಾಗಿರೋದೇ ಕೊಡ್ಬೈದಿತ್ತಲ್ಲ," ಎಂದೆ.

"ಅವತ್ತೇ ಅಳಿಸ್ಬುಟ್ಟೆ. ಯಾರಾದ್ರೂ ನೋಡಿದ್ರೆ ಏನಂದ್ಕತಾರೆ ಅಂತವ."

ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಮಬ್ಬಾದರೇನು, ಅಪ್ಪನ ಕೈಯಲ್ಲವೇ? ತಂಗಿ ಅದನ್ನೇ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅವನ ಹೆಸರಿಗೆ ಕುಂದು ಬರಬಾರದೆಂದು ನಮ್ಮಪ್ಪನನ್ನು ಒಂದು ಗುಂಡಿ ಒತ್ತಿ ಅಳಿಸಿದ. ಅದನ್ನು ಮುಚ್ಚಿಡಲು ಬಸುರಿಯ ಕೈಯಲ್ಲಿ ಬೇಡಿಸಿದ. ಸೊಕ್ಕಿನಿಂದ ಕೊಡಲಿಲ್ಲ ಎಂದು ಇಷ್ಟು ದಿನ ಬೈದುಕೊಂಡಿದ್ದೆ. ಇಲ್ಲದ್ದನ್ನು ಇದೆ ಎಂದು ನಂಬಿಸಿ ಕೂರಿಸಿದ್ದ. ನನ್ನ ಸಿಟ್ಟು ಅಲ್ಲಿ ಆರಲಿಲ್ಲ, ಇನ್ನಷ್ಟು ಉರಿಯಿತು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಪಂಕ್ತಿಯ ಕಡೆ ಹೋದೆ. ಆ ಊಟದ ಮಿಕ್ಕ ಫೋಟೋಗಳನ್ನು ನಾನು ಹೇಗೆ ತೆಗೆದೆನೋ ನನಗೆ ಗೊತ್ತಿಲ್ಲ.

ಬಿಂಡಿಗನವಿಲೆಗೆ ಹೋಗಿ ತಂಗಿಗೆ ಹೇಳಿದೆ. ಅವಳು ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಕಟ್ಟುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕಟ್ಟಿ ಮುಗಿಸಿ ಕೈ ತೊಳೆದು, ಒಳಗಿನಿಂದ ಆಲ್ಬಂ ತಂದು ಆ ಬೆನ್ನಿನ ಫೋಟೋವನ್ನು ನೋಡಿದಳು, ಮೊಣಕೈಯ ಮೇಲೆ ಬೆರಳಿಟ್ಟಳು.

"ಅವ್ರ ಮಗಳ ಧಾರೆ ಫೋಟೋ ಕೊಡ್ತೀಯಾ ಅವ್ರಿಗೆ?" ಎಂದಳು.

"ಯಾವತ್ತೂ ಇಲ್ಲ."

"ಕೊಡು," ಎಂದಳು. "ದೊಡ್ದು ಮಾಡ್ಸಿ ಕೊಡು. ನಾನೂ ಬತ್ತೀನಿ."

ಗಂಡಿನ ಮನೆಯವರನ್ನು ಕೇಳಿದೆ, ಬೀಗರಿಗೆ ತಾನೇ, ಧಾರಾಳವಾಗಿ ಕೊಡಿ ಎಂದರು. ಬಾಗಿಲಷ್ಟು ಅಗಲದ ಫ್ರೇಮು ಮಾಡಿಸಿದೆ. ಬಲಮೂಲೆಯಲ್ಲಿ ಅಪ್ಪನ ಸ್ಟುಡಿಯೋದ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸಿದೆ, ರಸ್ತೆಯಲ್ಲಿ ನಿಂತರೂ ಓದುವಂತೆ. ಊರವರ ಫೋಟೋಗಳ ಮೇಲೆಲ್ಲ ತನ್ನ ಹೆಸರು ಒತ್ತಿದವನ ಸ್ವಂತ ಮಗಳ ಧಾರೆಯ ಮೇಲೆ ನಮ್ಮಪ್ಪನ ಹೆಸರು. ಸದ್ಯಕ್ಕೆ ಅಷ್ಟಾದರೂ ಆಗಲಿ ಎಂದುಕೊಂಡೆ. ಇಬ್ಬರೂ ಅದನ್ನು ಹೊತ್ತು ಕೆ.ಆರ್. ಪೇಟೆಯ ಆ ಅಂಗಡಿಗೆ ಹೋದೆವು. ಬೆಂಚು ಅದೇ ಇತ್ತು. ಅದರ ಮೇಲೆ ಮದುವೆ ಗೊತ್ತಾದ ಹೆಣ್ಣು ಗಂಡು, ಅವರ ಮನೆಯವರು ಕೂತು ಆಲ್ಬಂ ಮಾದರಿ ನೋಡುತ್ತಿದ್ದರು.

ಅವನು ಕಾಗದ ಬಿಚ್ಚಿ ನೋಡಿದ. ಮೂಲೆಯ ಹೆಸರನ್ನೂ ನೋಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕೆಂಪಾಗುತ್ತದೆ ಎಂದು ಕಾಯುತ್ತಿದ್ದೆ. ಅವನು ಫ್ರೇಮನ್ನು ಬೆಂಚಿನವರ ಕಡೆ ತಿರುಗಿಸಿ ಹಿಡಿದ.

"ನೋಡಿ, ನಮ್ ಗುರುಗಳ ಮಗಳು ತಗ್ದಿರೋದು. ಲೆನ್ಸು ಮಾತ್ರ ನಂದೇಯ! ನನ್ ಲೆನ್ಸಲ್ಲಿ ಬಂದಿರೋದಿದು!"

ಬಿಟ್ಟಿರಲಿಲ್ಲ, ಇದರಲ್ಲೂ ತನ್ನ ಪಾಲು ಬಿಟ್ಟಿರಲಿಲ್ಲ. ನಾನು ಅವನದೇ ಬೇಕೆಂದು ಹಟ ಹಿಡಿದು ಕೊಂಡುತಂದ ಲೆನ್ಸಿನ ಹೆಮ್ಮೆಯನ್ನು ಅವನು ಮಾರಿರಲೇ ಇಲ್ಲ.

ತಂಗಿ ಬೆಂಚಿನವರ ಎದುರಿಗೆ ಹೋಗಿ ನಿಂತಳು. ದನಿ ಎತ್ತಲಿಲ್ಲ. ಅಪ್ಪನ ಗುಣ ಅವಳಿಗೆ ಬಂದಿದೆ.

"ಊಂ ಕಣಣ್ಣ, ನಿಮ್ಮ ಲೆನ್ಸೇಯ. ನನ್ ಮದ್ವೇಲಿ ನಮ್ಮಪ್ಪನ ಕೈ ತಗೀದೆ ಓಗಿದ್ದೂವೆ ಅದೇ ಲೆನ್ಸು. ಮಬ್ಬಾಗ್ ಬಂದಿದ್ದ ಅಳಿಸ್ಬುಟ್ಟು, ನಾನು ಬಂದು ಕೈಮುಗ್ದಾಗ ಇದೇ ಬೆಂಚಿನ್ ಮ್ಯಾಲೆ ಕೂರಿಸಿ ವಾಪಸ್ ಕಳಿಸಿದ್ರಲ್ಲ. ಅದ್ನೂ ಯೋಳಿ ಅವ್ರಿಗೆ."

ಮದುವೆಯ ಹೆಣ್ಣು ಕೈಯಲ್ಲಿದ್ದ ಆಲ್ಬಮ್ಮನ್ನು ಮೆಲ್ಲಗೆ ಮುಚ್ಚಿದಳು. ಅವಳ ಅಪ್ಪ ಅವನನ್ನು ನೋಡಿದರು. ಅವನು ಫ್ರೇಮು ಹಿಡಿದುಕೊಂಡೇ ನಿಂತಿದ್ದ, ಎಲ್ಲಿಡುವುದೆಂದು ತಿಳಿಯದೆ. ಕೊನೆಗೆ, "ಕೂತ್ಕಳಿ, ಕಾಪಿ ಕುಡ್ಕಂಡ್ ಓಗಿ," ಎಂದ. ಕಾಫಿ ಬಂತು. ತಂಗಿ ಲೋಟ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ನಮ್ಮ ಕಡೆ ಹಾಗೆ ಎದ್ದು ಬಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು, ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದು.

ಬಸ್ಸು ನಿಲ್ದಾಣದಲ್ಲಿ ನಾಗಮಂಗಲದ ಬಸ್ಸು ಇನ್ನೂ ಬಂದಿರಲಿಲ್ಲ. ತಂಗಿಯ ಮುಖ ನಿರಾಳವಾಗಿರಬೇಕೆಂದು ನೋಡಿದೆ. ಹಾಗೇನೂ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ವ ಯೋಳ್ದಂಗೆ ಹೊಸಾದ್ನೇ ತಕ್ಕಬೇಕಿತ್ತಕ್ಕ ನೀನು," ಎಂದಳು.

ಸಿಕ್ಕಿಹಾಕಿಕೊಳ್ಳುವ ಲೆನ್ಸಿನ ಮಾತು ಎಂದುಕೊಂಡೆ. ಬಿಚ್ಚಿಸಿ ಕ್ಲೀನ್ ಮಾಡಿಸಿದರೆ ಸರಿಹೋಗುತ್ತದೆ, ಭಾಯ್ ಮಾಡಿಕೊಡುತ್ತಾರೆ ಎಂದೆ.

"ಅದಲ್ಲ," ಎಂದಳು. "ಹೊಸಾದ್ ತಕ್ಕಂಡಿದ್ರೆ, ನನ್ ಪಾಲಿಗೆ ಅಪ್ಪನ ಕೈ ಇನ್ನೂ ಅವರ ಕಂಪ್ಯೂಟರ್ನಾಗೆ ಇರೋದು."